ಎದ್ದು ಹೋದವರಿಗೆ ಮಾತಿಲ್ಲ

ಉತ್ತರ ಮಲಬಾರಿನ ಫಿಲ್ಮ್ ಸೊಸೈಟಿಗಳ ಚರಿತ್ರೆಯನ್ನು ಮುಂದೆ ಯಾರೇ ಬರೆಯಲಿ, ಚಾಲಕ್ಕಲ್ ಗ್ರಂಥಾಲಯದ ಮೇಲಂತಸ್ತಿನ ಆ ಉದ್ದನೆಯ ಕೋಣೆಯನ್ನೂ, ಅಲ್ಲಿ ಮುಂದಿನ ಸಾಲಿನ ಎಡತುದಿಯ ಮರದ ಕುರ್ಚಿಯಲ್ಲಿ ಮೂವತ್ತೊಂದು ವರ್ಷ ಬೆನ್ನು ನೆಟ್ಟಗೆ ಮಾಡಿ ಕೂತ ಸೌದಾಮಿನಿ ಟೀಚರನ್ನೂ ಬಿಟ್ಟು ಮುಂದೆ ಹೋಗಲು ಅವರಿಗೆ ಸಾಧ್ಯವಾಗದು. ಸಿನಿಮಾ ತೋರಿಸಿದವರು ನಮ್ಮ ಕಡೆ ಅನೇಕರಿದ್ದಾರೆ. ನೋಡಿದ್ದನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸಲು ಕಲಿಸಿದವರು ವಿರಳ. ಒಬ್ಬನೇ ನಿರ್ದೇಶಕನ ಮೂರು ಚಿತ್ರ, ಒಂದೇ ವಸ್ತುವಿನ ಮೂರು ಚಿತ್ರ, ಒಂದೇ ಬಗೆಯ ಮೂರು ಚಿತ್ರ ಎಂದು ಮೂರು ಮೂರರ ಕಟ್ಟು ಮಾಡಿ, ತಿಂಗಳಿಗೊಂದರಂತೆ ಮೂರನೆಯ ಭಾನುವಾರಗಳಂದು ತೋರಿಸಿ, ಕಟ್ಟು ಮುಗಿದ ದಿನ ಚರ್ಚೆಗೆ ಕೂರಿಸುವ ಪದ್ಧತಿ ಅವರದೇ. “ಒಂದು ಸಿನಿಮಾ ನೋಡಿದ್ರೆ ಕತೆ ಗೊತ್ತಾಗ್ತದೆ, ಮೂರು ನೋಡಿದ್ರೆ ಅದನ್ನು ಮಾಡಿದ ಮನುಷ್ಯ ಗೊತ್ತಾಗ್ತಾನೆ” ಎಂದು ಅವರು ಹೇಳುವುದನ್ನು ಕೇಳಿಯೇ ಇಲ್ಲಿಯ ಎರಡು ತಲೆಮಾರು ಬೆಳೆಯಿತು.

ಅಂಥವರು ಚರಿತ್ರೆಯ ಅಧ್ಯಾಪಿಕೆಯಾಗಿ ಶಾಲೆಯಿಂದ ನಿವೃತ್ತರಾದಾಗ ಅಭಿನಂದನ ಗ್ರಂಥ ತರಬೇಕೆಂದು ಸಮಿತಿ ತೀರ್ಮಾನಿಸಿದ್ದು ಸಹಜ. ಆದರೆ ಟೀಚರ್ ಹಾಕಿದ ಷರತ್ತು ಕೇಳಿ ಸಮಿತಿಯ ಹನ್ನೊಂದು ಮಂದಿಯೂ ದಂಗಾಗಿ ಕೂತುಬಿಟ್ಟರು.

“ಆ ಭಾನುವಾರ ನಡೆದದ್ದನ್ನ ಒಂದಕ್ಷರ ಬಿಡದೆ ಬರೆಯೋದಾದ್ರೆ ಪುಸ್ತಕ ಬರ್ಲಿ,” ಎಂದರು ಅವರು. “ಇಲ್ಲಾಂದ್ರೆ ಬೇಡ. ಬಂದವರಿಗೆಲ್ಲ ಒಂದೊಂದು ಲೋಟ ಪಾಯಸ ಕೊಟ್ಟು ಕಳಿಸಿ.”

ಅಭಿನಂದನ ಗ್ರಂಥದಲ್ಲಿ ತನ್ನ ತಪ್ಪನ್ನೇ ಮುಂದಿಟ್ಟು ಬರೆಯಿರಿ ಎಂದು ಹಟ ಹಿಡಿದವರನ್ನು ನಾವು ಹಿಂದೆ ಕಂಡಿಲ್ಲ. ಆದ್ದರಿಂದ ಓದುಗರು ಈ ಬರಹದಲ್ಲಿ ಹೊಗಳಿಕೆ ಕಡಿಮೆಯಾಯಿತೆಂದು ಬೇಸರಿಸಬಾರದು. ಆ ಭಾನುವಾರದ ಆಘಾತದಿಂದ ನಾವೇ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ಸೌದಾಮಿನಿ ಟೀಚರ್ ಸೊಸೈಟಿಗೆ ಬಂದದ್ದು ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ. ಅದುವರೆಗೆ ನಮ್ಮದು ಗಂಡಸರ ಕೂಟ. ಗಡ್ಡ ಬಿಟ್ಟವರು ಮುಂದೆ, ಬಿಡದವರು ಹಿಂದೆ ಕೂತು, ಅರ್ಥವಾದರೂ ಆಗದಿದ್ದರೂ ಗಂಭೀರವಾಗಿ ತಲೆಯಾಡಿಸುವ ಕೂಟ. ಟೀಚರ್ ಬಂದ ಎರಡನೆಯ ತಿಂಗಳಿಗೆ ನೇಕಾರರ ಸಹಕಾರ ಸಂಘದ ಹೆಂಗಸರು ಚಾಪೆ ಹಿಡಿದುಕೊಂಡು ಬರತೊಡಗಿದರು. ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಓದಲಾಗದ ಅವರಿಗಾಗಿ ಟೀಚರ್ ಮೈಕ್ ಹಿಡಿದು ಪ್ರತಿ ಸಾಲನ್ನೂ ಊರಿನ ಮಾತಿನಲ್ಲಿ ಹೇಳುತ್ತಿದ್ದರು. ಜಪಾನಿನ ಮುದುಕ ನಮ್ಮ ಪಕ್ಕದ ಮನೆಯವನಂತೆ ಗೊಣಗುತ್ತಿದ್ದ. ಸ್ವೀಡನ್ನಿನ ಹೆಂಡತಿ ನಮ್ಮ ಅತ್ತಿಗೆಯರಂತೆ ಹಂಗಿಸುತ್ತಿದ್ದಳು. ಪ್ರೊಜೆಕ್ಟರ್ ನಡೆಸುತ್ತಿದ್ದ ಅಂಬು ರೇಡಿಯೋ ರಿಪೇರಿ ಅಂಗಡಿಯ ಹುಡುಗಾಟಿಕೆಯ ತರುಣ. ಅವನ ತಂದೆ ಕಣ್ಣೂರಿನ ಆಸ್ಪತ್ರೆಯಲ್ಲಿ ಮಲಗಿದಾಗ ಶಾಲೆಗೆ ರಜೆ ಹಾಕಿ ಒಂಬತ್ತು ದಿನ ಗಂಜಿ ಹೊತ್ತವರು ಇದೇ ಟೀಚರ್. ಹತ್ತನೆಯ ತರಗತಿಯಲ್ಲಿ ಎರಡು ಸಲ ಫೇಲಾದ ಅವನಿಗೆ ಪಾಠ ಹೇಳಿ ಪಾಸು ಮಾಡಿಸಿದವರೂ ಇವರೇ. ಈ ಉಪಕಾರಗಳನ್ನು ಇಲ್ಲಿ ನೆನೆಯಲು ಬೇರೆ ಕಾರಣವೂ ಇದೆ. ಅದು ಮುಂದೆ ತಿಳಿಯುತ್ತದೆ.

ಅವರ ಕರುಣೆಯಷ್ಟೇ ಅವರ ಕಾಠಿಣ್ಯವೂ ಹೆಸರಾಗಿತ್ತು. ಕಾಲೇಜಿನ ಒಬ್ಬ ಉಪನ್ಯಾಸಕರು ಅರ್ಧ ಸಿನಿಮಾ ನೋಡಿ, ಕೆಳಗಿಳಿದು ಚಹಾ ಕುಡಿದು, ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ತಿಂದು, ಚರ್ಚೆಯ ಹೊತ್ತಿಗೆ ಸರಿಯಾಗಿ ಮೇಲೆ ಬಂದು ಒಂದು ಗಂಟೆ ಮಾತಾಡುತ್ತಿದ್ದರು. ಟೀಚರ್ ಸಹಿಸುವಷ್ಟು ಸಹಿಸಿ, ಒಂದು ದಿನ ಗೋಡೆಯ ಕರಿಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದರು: ಎದ್ದು ಹೋದವರಿಗೆ ಮಾತಿಲ್ಲ. ಅಂದಿನಿಂದ ಅದು ನಮ್ಮ ಸೊಸೈಟಿಯ ಕಾನೂನು. ಸಿನಿಮಾದ ನಡುವೆ ಯಾವ ಕಾರಣಕ್ಕೇ ಆಗಲಿ ಎದ್ದು ಹೋದವರು ಚರ್ಚೆಯಲ್ಲಿ ಬಾಯಿ ತೆರೆಯುವಂತಿಲ್ಲ. ಕರಿಹಲಗೆ ಬದಲಾಯಿತು, ಗೋಡೆಗೆ ಸುಣ್ಣ ಬದಲಾಯಿತು, ಆ ವಾಕ್ಯ ಮಾತ್ರ ಅಳಿಯಲಿಲ್ಲ.

ತೊಂಬತ್ತೈದರ ಮೊದಲ ಮೂರು ತಿಂಗಳಿಗೆ ಟೀಚರ್ ಆರಿಸಿದ ಕಟ್ಟು ಹಂಗೆರಿಯ ಇಮ್ರೆ ಸಾಲೊಂತೈ ಎಂಬ ನಿರ್ದೇಶಕನದು. ಮೂರೂ ಚಿತ್ರಗಳು ಮನೆ ಬಿಟ್ಟು ಹೊರಡುವ ಹೆಂಗಸಿನವು. ಜನವರಿಯಲ್ಲಿ ‘ಉಪ್ಪಿನ ಚೀಲ’: ಗಂಡನೊಡನೆ ಜಗಳವಾಡಿ ಹೊರಟ ರೈತನ ಹೆಂಡತಿ ಕೊನೆಗೆ ಮರಳಿ ಬಂದು ಮನೆಯ ಬಾಗಿಲು ತೆರೆಯುತ್ತಾಳೆ. ಫೆಬ್ರವರಿಯಲ್ಲಿ ‘ಎರಡನೆಯ ಕೋಟು’: ಮಗನ ಮನೆಯಿಂದ ಹೊರಬಿದ್ದ ದರ್ಜಿ ವಿಧವೆ ಕೊನೆಗೆ ಮರಳಿ ಬಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಮಾರ್ಚಿನಲ್ಲಿ ಬಂದದ್ದು ‘ಹದಿನಾಲ್ಕನೆಯ ನಿಲ್ದಾಣ’. ಹನ್ನೆರಡು ವರ್ಷದ ಮಗಳನ್ನು ಕಿಟಕಿಯಲ್ಲಿ ನಿಲ್ಲಿಸಿ ತಾಯಿ ಚೀಲ ಹಿಡಿದು ಹೊರಡುತ್ತಾಳೆ. ಹಿಮದಲ್ಲಿ ನಡೆದು ಪುಟ್ಟ ರೈಲು ನಿಲ್ದಾಣ ತಲುಪುತ್ತಾಳೆ. ರೈಲು ಬಂದು ಅವಳನ್ನು ನಮ್ಮ ಕಣ್ಣಿನಿಂದ ಮರೆಮಾಡುತ್ತದೆ. ರೈಲು ಹೊರಟು ಹೋದಾಗ ಪ್ಲಾಟ್‌ಫಾರಂ ಖಾಲಿ.

ಪರದೆ ಬಿಳಿಯಾಯಿತು. ಟೀಚರ್ ಕಣ್ಣು ತುಂಬಿಕೊಂಡು ಎದ್ದು ನಿಂತರು. ಗೋಡೆಯ ಸ್ವಿಚ್ ಅವರ ಕುರ್ಚಿಯ ಪಕ್ಕದಲ್ಲೇ ಇತ್ತು. ದೀಪ ಹಾಕಿದರು, ಚಪ್ಪಾಳೆ ತಟ್ಟಿದರು. ಅವರು ಎದ್ದದ್ದು ನೋಡಿ ನಾವೆಲ್ಲರೂ ಎದ್ದೆವು.

ಆ ದಿನದ ಚರ್ಚೆ ಅವರ ಬದುಕನ್ನೇ ತಿರುಗಿಸಿತು. ಎರಡು ಚಿತ್ರಗಳಲ್ಲಿ ಹೆಣ್ಣನ್ನು ಮನೆಗೆ ಮರಳಿಸಿದ ನಿರ್ದೇಶಕ ಮೂರನೆಯದರಲ್ಲಿ ಅವಳನ್ನು ಬಿಟ್ಟುಕೊಟ್ಟಿದ್ದಾನೆ, ಬಾಗಿಲಿನ ಆಸೆಯನ್ನು ತೊರೆದಿದ್ದಾನೆ, ಮೂರನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಅವನು ಬೆಳೆದಿದ್ದಾನೆ ಎಂದು ಅವರು ಮಾತಾಡುತ್ತ ಹೋದಂತೆ ನಮಗೆ ಮೈ ಜುಮ್ಮೆಂದಿತು. ಒಬ್ಬನಿಗೆ ಮಾತ್ರ ಏನೂ ಆದಂತಿರಲಿಲ್ಲ. ಬೀಡಿ ಸಹಕಾರ ಸಂಘದ ಕೆಲಸಗಾರ ಚಿಂಡನ್, ಆಗ ನಲವತ್ತರ ಆಸುಪಾಸು, ಎಲ್ಲರಿಗೂ ಚಿಂಡೇಟ್ಟ, ಅಂದರೆ ಚಿಂಡಣ್ಣ. ಕೈಗಳು ಬೀಡಿ ಕಟ್ಟುತ್ತಿರುವಾಗ ಒಬ್ಬನು ಗಟ್ಟಿಯಾಗಿ ಪತ್ರಿಕೆ, ಕಾದಂಬರಿ ಓದುತ್ತಿದ್ದ ಬೀಡಿಶಾಲೆಯಲ್ಲಿ ಇಪ್ಪತ್ತು ವರ್ಷ ಕಿವಿಯಿಂದಲೇ ಓದಿದ ಮನುಷ್ಯ. ಆತ ಹಿಂದಿನ ಬೆಂಚಿನಿಂದ ಎದ್ದು ನಿಂತ.

“ಟೀಚರೇ, ಕತೆ ಮುಗಿಯೋ ಹೊತ್ತಿಗೆ ಬೀಡಿ ಎಲೆ ಸುತ್ತೋ ನಮ್ಮ ಕೈ ತನ್ನಷ್ಟಕ್ಕೇ ನಿಧಾನ ಆಗ್ತದೆ. ಯಾವ ಕತೆಯಾದ್ರೂ ಸರಿ. ಇಲ್ಲಿ ಎಲೆ ಇಲ್ದಿದ್ರೂ ಬೆರಳು ಸುತ್ತುತ್ತಾ ಇರ್ತದೆ; ಇವತ್ತು ನನ್ನ ಕೈ ನಿಧಾನ ಆಗ್ಲೇ ಇಲ್ಲ.”

“ಅಂದ್ರೆ?”

“ಮೊದಲ್ನೇದ್ರಲ್ಲಿ ಕೊನೆಗೆ ಬಾಗಿಲು ಬಂತು. ಎರಡನೇದ್ರಲ್ಲೂ ಬಂತು. ಇದ್ರಲ್ಲಿ ಬಾಗಿಲು ಬಂದಿಲ್ಲ. ಈ ಮನುಷ್ಯ ಬಾಗಿಲು ಬಿಡೋನಲ್ಲ.”

“ಬಿಟ್ಟದ್ದೇ ಅವನ ದೊಡ್ಡತನ, ಚಿಂಡೇಟ್ಟ. ಅದನ್ನೇ ಅಲ್ವಾ ನಾನು ಇಷ್ಟು ಹೊತ್ತು ಹೇಳಿದ್ದು?”

“ಇರ್ಬಹುದು. ಆದ್ರೆ ಆ ಹುಡುಗಿ? ಕಿಟಕೀಲಿ ನಿಂತ ಹುಡುಗೀನ ಅಷ್ಟು ಹೊತ್ತು ತೋರಿಸಿದ್ದು ಯಾಕೆ? ಅವಳ ಗತಿ ಏನಾಯ್ತು ಅಂತ ಕೇಳೋರೇ ಇಲ್ವಾ ಇಲ್ಲಿ?”

ಟೀಚರ ಮುಖ ಬಿಗಿಯಿತು. ಇಪ್ಪತ್ತೆಂಟರ ವಯಸ್ಸು, ಈಗಷ್ಟೇ ಕೈಗೆ ಸಿಕ್ಕ ಹೊಳಹನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆಂಬ ಕೋಪ. ಅವರು ಕರಿಹಲಗೆಯತ್ತ ಕೈ ತೋರಿಸಿದರು.

“ನೀವು ನಡುವೆ ಎದ್ದು ಹೋಗಿದ್ರಿ.”

“ಕೆಮ್ಮು ಬಂತು ಟೀಚರೇ. ತಂಬಾಕಿನ ಧೂಳಲ್ವಾ, ಬಂದ್ರೆ ನಿಲ್ಲೋದಿಲ್ಲ. ಒಳಗೆ ಕೆಮ್ಮಿದ್ರೆ ಬೇರೆಯವರಿಗೆ ತೊಂದರೆ ಅಂತ ಹೊರಗೆ ಹೋಗಿ ಕೆಮ್ಮಿ ಬಂದೆ. ಐದು ನಿಮಿಷ.”

“ಐದಾದ್ರೂ ಐವತ್ತಾದ್ರೂ ಹೋದದ್ದು ಹೋದದ್ದೇ. ಎದ್ದು ಹೋದವರಿಗೆ ಮಾತಿಲ್ಲ.”

ಸಭೆ ನಕ್ಕಿತು. ನಾವೂ ನಕ್ಕೆವು; ಈಗ ಮುಚ್ಚಿಟ್ಟು ಏನು ಪ್ರಯೋಜನ. ಚಿಂಡೇಟ್ಟ ಉಟ್ಟ ಮುಂಡು ಸರಿಪಡಿಸಿಕೊಂಡು, ಬಾಗಿಲಲ್ಲಿ ಚಪ್ಪಲಿ ಹುಡುಕಿ ಮೆಟ್ಟಿ, ಮೆಟ್ಟಿಲಿಳಿದು ಹೋದ. ಮುಂದಿನ ತಿಂಗಳು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಟೀಚರಿಗೆ ತಲೆಬಾಗಿ ನಮಸ್ಕಾರ ಮಾಡುತ್ತಿದ್ದ. ಸಿನಿಮಾದ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಟೀಚರ್ ಅಂದು ಆಡಿದ ಮಾತುಗಳು ಮೊದಲು ವಾರಪತ್ರಿಕೆಯ ಲೇಖನವಾದವು, ಎರಡು ವರ್ಷದಲ್ಲಿ ‘ಮರಳದ ಮೂರನೆಯವಳು’ ಎಂಬ ಗ್ರಂಥವಾದವು. ಅದಕ್ಕೆ ಪ್ರಶಸ್ತಿ ಬಂತು, ಅದು ಕಾಲೇಜುಗಳಲ್ಲಿ ಪಾಠವಾಯಿತು, ಏಳು ಮುದ್ರಣ ಕಂಡಿತು. ಒಬ್ಬ ನಿರ್ದೇಶಕನ ಕೃತಿಗಳನ್ನು ಹೋಲಿಸುವುದು ಹೇಗೆಂಬುದಕ್ಕೆ ಮಾದರಿಯೆಂದು ಅದನ್ನು ಎಲ್ಲರೂ ತೋರಿಸಿದರು. ಸಾಲೊಂತೈಯ ಆ ಮೂರನೆಯ ಚಿತ್ರ ಮಾತ್ರ ಮತ್ತೆ ಎಲ್ಲಿಯೂ ನೋಡಸಿಗಲಿಲ್ಲ. ಆ ಪ್ರತಿ ನಮ್ಮಿಂದ ರೈಲಿನಲ್ಲಿ ಮದ್ರಾಸಿಗೆ ಹೋಗಿ, ಅಲ್ಲಿಂದ ದೇಶವನ್ನೇ ಬಿಟ್ಟಿತ್ತು. ನಮಗಿಂತ ಮೊದಲು ನೋಡಿದ್ದ ಕೊಯಮತ್ತೂರಿನ ಒಬ್ಬರು, ತಾವು ನೋಡಿದ ಕೊನೆಯೇ ಬೇರೆ ಇತ್ತಲ್ಲ ಎಂದು ಪತ್ರಿಕೆಗೆ ಬರೆದದ್ದುಂಟು. ತಾಯಿ ಮರಳಲಿ ಎಂಬ ನಮ್ಮ ಆಸೆಯೇ ನೆನಪಿನ ವೇಷ ಹಾಕಿಕೊಂಡು ಬರುತ್ತದೆ ಎಂದು ಟೀಚರ್ ಉತ್ತರ ಕೊಟ್ಟಿದ್ದರು. ಆ ಉತ್ತರವನ್ನೂ ನಾವು ಕೊಂಡಾಡಿದ್ದೆವು.

ಇನ್ನು ಆ ಭಾನುವಾರ.

ಟೀಚರ ನಿವೃತ್ತಿಯ ಮುಂಚಿನ ವಾರ, ಎರಡು ಸಾವಿರದ ಇಪ್ಪತ್ಮೂರರ ಮಾರ್ಚಿನಲ್ಲಿ, ಅವರಿಗೆ ಅಚ್ಚರಿ ಕೊಡಬೇಕೆಂದು ಸೊಸೈಟಿಯ ಕಿರಿಯರು ಸಾಲೊಂತೈಯ ಮೂರೂ ಚಿತ್ರಗಳನ್ನು ವಿದೇಶದಿಂದ ತರಿಸಿದರು. ಗೀರುಗಳನ್ನೆಲ್ಲ ತೆಗೆದು ಹೊಸದಾಗಿ ಶುದ್ಧಗೊಳಿಸಿದ ಪ್ರತಿಗಳು. ಬೆಳಗ್ಗೆ ಎರಡು ಚಿತ್ರ, ಮಧ್ಯಾಹ್ನ ಅನ್ನ, ಮೀನುಸಾರು, ಹಪ್ಪಳ, ಆಮೇಲೆ ಮೂರನೆಯದು. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಅದರ ಅವಧಿ ನೂರ ಹದಿನೇಳು ನಿಮಿಷ ಎಂದು ನಾವೇ ಅಚ್ಚು ಹಾಕಿಸಿದ್ದೆವು. ಟೀಚರ ಪುಸ್ತಕದ ಮೊದಲ ಪುಟದಲ್ಲಿ ತೊಂಬತ್ತೊಂಬತ್ತು ನಿಮಿಷವೆಂದಿದೆ. ನಾವು ಆ ಪುಸ್ತಕವನ್ನು ಬಾಯಿಪಾಠ ಮಾಡಿದವರು! ಒಬ್ಬರ ಕಣ್ಣಿಗಾದರೂ ಬೀಳಬೇಡವೇ? ಬೀಳಲಿಲ್ಲ.

ಇನ್ನೂರು ಮಂದಿ ಸೇರಿದ್ದರು. ತಾಯಿ ಹೊರಟಳು, ಹಿಮದಲ್ಲಿ ನಡೆದಳು. ಇಪ್ಪತ್ತೆಂಟು ವರ್ಷದ ಹಿಂದೆ ಮೈಕ್ ಹಿಡಿದು ಹೇಳಿದ ಮಾತುಗಳನ್ನು ಟೀಚರ ತುಟಿಗಳು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದವು. ರೈಲು ಬಂತು, ಹೋಯಿತು. ಪ್ಲಾಟ್‌ಫಾರಂ ಖಾಲಿಯಾಯಿತು. ಅವರ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆಗೆ ಹೋಯಿತು; ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಶುರುವಾಗಿಯೇ ಬಿಟ್ಟಿತು.

ಆಗ ಪರದೆಯ ಮೇಲೆ ನಿಲ್ದಾಣದ ಹಿಂಬದಿ ಕಾಣಿಸಿತು. ಅಲ್ಲಿ ಆ ತಾಯಿ ಚೀಲ ಹಿಡಿದು ನಿಂತಿದ್ದಳು. ಅವಳು ರೈಲು ಹತ್ತಿರಲೇ ಇಲ್ಲ.

ಚಪ್ಪಾಳೆ ಅರ್ಧಕ್ಕೆ ನಿಂತಿತು. ಟೀಚರ ಕೈ ಗೋಡೆಯ ಮೇಲೆ ಅಂಟಿಕೊಂಡಂತೆ ಅಲ್ಲೇ ಉಳಿಯಿತು. ಆಗ ಕಿವಿ ಕೇಳಿಸದಾಯಿತು ಎಂದು ಅವರು ನಂತರ ಹೇಳಿದರು. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ತಾಯಿ ಬಂದ ದಾರಿಯಲ್ಲೇ ತಿರುಗಿ ನಡೆಯುತ್ತಾಳೆ. ಮನೆ ತಲುಪುತ್ತಾಳೆ. ಕಿಟಕಿಯಲ್ಲಿ ಮಗಳಿಲ್ಲ. ಒಳಗೂ ಇಲ್ಲ. ಮೂಲೆಯಲ್ಲಿದ್ದ ಪುಟ್ಟ ಬೂಟುಗಳಿಲ್ಲ. ಮಗಳು ತಾಯಿಯನ್ನು ಹುಡುಕಿಕೊಂಡು ಹೋಗಿದ್ದಾಳೆ. ತಾಯಿ ಎರಡು ತಟ್ಟೆ ಹಾಕಿ ಮೇಜಿನ ಮುಂದೆ ಕೂರುತ್ತಾಳೆ. ಆಮೇಲೆ ಬಾಗಿಲು, ಹೊರಗಿನಿಂದ. ಅದರ ಸಂದಿಯಲ್ಲಿ ದೀಪದ ಬೆಳಕು. ಒಂದು ಪುಟ್ಟ ಕೈ ತಟ್ಟಲೆಂದು ಮೇಲೇಳುತ್ತದೆ. ತಟ್ಟುವ ಮೊದಲೇ ಸಿನಿಮಾ ಮುಗಿಯುತ್ತದೆ.

ಹದಿನೆಂಟು ನಿಮಿಷ. ಏಳು ಮುದ್ರಣ ಕಂಡ ಪುಸ್ತಕವೊಂದು ನಮ್ಮ ಕಣ್ಣೆದುರಿಗೇ ಹದಿನೆಂಟು ನಿಮಿಷದಲ್ಲಿ ಪುಡಿಯಾಯಿತು. ಒಬ್ಬರ ಮುಖ ಒಬ್ಬರು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಟೀಚರ ಮುಖವನ್ನಂತೂ ನೋಡುವುದು ಹೇಗೆ?

ಮೊದಲು ಎಚ್ಚೆತ್ತವರು ವಿಶ್ವವಿದ್ಯಾಲಯದಿಂದ ಬಂದಿದ್ದ ಪ್ರಾಧ್ಯಾಪಕರು. ಟೀಚರಲ್ಲಿ ಅವರಿಗೆ ನಿಜವಾದ ಗೌರವವಿತ್ತು. ಮುಳುಗುತ್ತಿರುವವರಿಗೆ ಹಗ್ಗ ಎಸೆಯುವಂತೆ ಎದ್ದು ನಿಂತರು.

“ಇದು ಮೂಲದಲ್ಲಿ ಇದ್ದಿರಲಿಕ್ಕಿಲ್ಲ. ನಿರ್ಮಾಪಕರ ಒತ್ತಾಯಕ್ಕೆ ಆಮೇಲೆ ಸೇರಿಸಿದ ಭಾಗ ಆಗಿರ್ಬೇಕು. ಹಾಗೆ ಎಷ್ಟೋ ಸಿನಿಮಾಗಳಿಗೆ ಆಗಿದೆ. ನಮ್ಮ ಟೀಚರ್ ನೋಡಿದ್ದೇ ನಿರ್ದೇಶಕನ ನಿಜವಾದ ಅಂತ್ಯ ಅಂತ ನಾನು ಧೈರ್ಯವಾಗಿ ಹೇಳ್ತೇನೆ.”

ಇನ್ನೂರು ಎದೆಗಳಿಂದ ಉಸಿರು ಹೊರಬಿತ್ತು. ಎಲ್ಲರೂ ಹೌದು ಹೌದು ಎಂದರು. ಟೀಚರೂ ಹೌದು ಎಂದು ತಲೆಯಾಡಿಸಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಪುಸ್ತಕ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಒಂದು ಕ್ಷಣ ತಲೆಯಾಡಿಸಬೇಕೆಂದು ತಮಗೂ ಅನ್ನಿಸಿತ್ತೆಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಅವರು ಹಿಂದಕ್ಕೆ ತಿರುಗಿದರು. ಪ್ರೊಜೆಕ್ಟರಿನ ಪಕ್ಕದಲ್ಲಿ ಅಂಬು ನಿಂತಿದ್ದ. ತಲೆ ನರೆತಿತ್ತು. ಅವನ ಮುಖ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿತ್ತು.

“ಅಂಬೂ. ಆ ದಿನ ಎಷ್ಟು ರೀಲ್ ಬಂದಿತ್ತು?”

ಅಂಬು ಪ್ರೊಜೆಕ್ಟರಿನ ತಂತಿಯನ್ನು ಸರಿಪಡಿಸತೊಡಗಿದ.

“ಕೇಳಿದ್ದು ಕೇಳಿಸ್ಲಿಲ್ವಾ? ಎಷ್ಟು ರೀಲ್?”

“ನಾಲ್ಕು, ಟೀಚರೇ.”

“ಎಷ್ಟು ಹಾಕಿದೆ?”

“ಮೂರು.”

ಅಂಬು ಎರಡೂ ಕೈ ಮುಂದಕ್ಕೆ ಚಾಚಿದ, ಇಪ್ಪತ್ತೆಂಟು ವರ್ಷದಿಂದ ಹೊತ್ತಿದ್ದ ಏನನ್ನೋ ಯಾರಾದರೂ ತೆಗೆದುಕೊಳ್ಳಲಿ ಎಂಬಂತೆ.

“ನಾಲ್ಕನೇದು ಕೈಯಲ್ಲಿತ್ತು ಟೀಚರೇ. ಮೊದಲಿನ ಎರಡು ಸಿನಿಮಾ ಮೂರು ಮೂರು ರೀಲು, ಅದಕ್ಕೇ ನೀವೂ ಮೂರಕ್ಕೇ ಮುಗೀತು ಅಂದ್ಕೊಂಡ್ರಿ. ನಾನು ರೀಲ್ ಬದಲಾಯಿಸ್ಬೇಕು ಅಂತ ತಿರುಗಿದ್ದಷ್ಟೆ, ನೀವು ದೀಪ ಹಾಕಿದ್ರಿ. ನಿಮ್ಮ ಕಣ್ಣಲ್ಲಿ ನೀರಿತ್ತು. ಎಲ್ಲರೂ ಎದ್ದು ಚಪ್ಪಾಳೆ ತಟ್ತಾ ಇದ್ರು. ಅಷ್ಟು ಜನರ ಮುಂದೆ ಕೂತ್ಕೊಳ್ಳಿ ಅಂತ ನಾನು ಹೇಗೆ ಹೇಳ್ಲಿ? ಅಪ್ಪನಿಗೆ ಗಂಜಿ ತಂದ ಕೈ ಅದು. ಚರ್ಚೆ ಮುಗಿದ್ಮೇಲೆ ಹೇಳುವಾ ಅಂದ್ಕೊಂಡೆ. ಆಮೇಲೆ ಪತ್ರಿಕೇಲಿ ಬಂತು. ಆಮೇಲೆ ಪುಸ್ತಕ ಬಂತು. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ.”

ಇದಕ್ಕೆ ಏನನ್ನಬೇಕು? ನಮಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ತಪ್ಪು ನಮ್ಮಂಥವರಿಂದ ಮಾತ್ರ ಆಗಲು ಸಾಧ್ಯ. ಕೊನೆಯಲ್ಲಿ ‘ಮುಕ್ತಾಯ’ ಎಂದು ಬರೆದು ತೋರಿಸುವುದು ಅಗ್ಗದ ಸಿನಿಮಾದ ಲಕ್ಷಣ, ಒಳ್ಳೆಯ ಸಿನಿಮಾ ಹೇಳದೆ ಕೇಳದೆ ನಿಂತುಬಿಡುತ್ತದೆ ಎಂದು ನಂಬಿಕೊಂಡು ಬೀಗುತ್ತಿದ್ದವರು ನಾವು. ಎರಡಾಣೆ ಟಿಕೆಟಿನ ಟೆಂಟಿನಲ್ಲಿ ಕೂತವನಾದರೂ, ಕತೆ ಮುಗಿದಿಲ್ಲ, ಮುಂದಿನ ರೀಲು ಹಾಕು ಎಂದು ಕೂಗುತ್ತಿದ್ದ.

ಕೂಗಿದವನು ಒಬ್ಬನಿದ್ದನಲ್ಲ! ಆ ನೆನಪು ನಮಗೆ ಬರುವ ಮೊದಲೇ ಟೀಚರಿಗೆ ಬಂದಿತ್ತು. ಅವರು ಮೆಲ್ಲನೆ ಕರಿಹಲಗೆಯ ಬಳಿಗೆ ನಡೆದು, ಅಲ್ಲಿ ಬರೆದದ್ದನ್ನು ಮೊದಲ ಸಲ ಓದುವವರಂತೆ ಓದಿದರು. ಆಮೇಲೆ ಸಭೆಗೆ ಮುಖ ಮಾಡಿದರು.

“ಚಿಂಡೇಟ್ಟ ಹೋದದ್ದು ಐದು ನಿಮಿಷ. ನಾನು ಎದ್ದದ್ದು ಹದಿನೆಂಟು ನಿಮಿಷ ಮೊದ್ಲು. ಅವರ ಬಾಯಿ ಮುಚ್ಚಿಸಿ ಕಳಿಸ್ದೆ. ನಾನು ಇಪ್ಪತ್ತೆಂಟು ವರ್ಷ ಮಾತಾಡ್ದೆ.” ಅವರ ದನಿ ನಡುಗಲಿಲ್ಲ; ನಡುಗಿದ್ದರೆ ನಮಗೆ ಕೇಳಲು ಸುಲಭವಾಗುತ್ತಿತ್ತು. “ನಾನೇ ಬರೆದ ನಿಯಮದ ಪ್ರಕಾರ ಈ ಸಿನಿಮಾದ ಬಗ್ಗೆ ನನಗೆ ಮಾತಿಲ್ಲ.”

ಅಷ್ಟು ಹೇಳಿ ಅವರು ಮೆಟ್ಟಿಲಿಳಿದರು. ಸನ್ಮಾನದ ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲ ಮೇಜಿನ ಮೇಲೇ ಉಳಿದವು.

ಅವರು ನೇರ ಹೋದದ್ದು ಚಿಂಡೇಟ್ಟನ ಮನೆಗೆ. ಜೊತೆಗೆ ಹೋದವನು ಅಂಬು ಒಬ್ಬನೇ. ಬಾ ಎಂದು ಟೀಚರ್ ಕರೆಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ತಟ್ಟೋಣವೆ, ಕರೆಯೋಣವೆ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋದವರಿಗೆ ಬಾಗಿಲು ತೆರೆದೇ ಇತ್ತು. ಎಪ್ಪತ್ತು ಸಮೀಪಿಸಿದ ಚಿಂಡೇಟ್ಟ ಜಗುಲಿಯಲ್ಲಿ ಕೂತು ಮೊಮ್ಮಗಳು ಓದುತ್ತಿದ್ದ ಪತ್ರಿಕೆ ಕೇಳುತ್ತಿದ್ದ. ಟೀಚರನ್ನು ಕಂಡು ಗಾಬರಿಯಾಗಿ ಎದ್ದ.

“ಏನಾಯ್ತು ಟೀಚರೇ? ಯಾರಿಗಾದ್ರೂ ಏನಾದ್ರೂ…?”

“ಏನಿಲ್ಲ ಚಿಂಡೇಟ್ಟ. ಮುಂದಿನ ಭಾನುವಾರ ಒಂದು ಸಿನಿಮಾ ಇದೆ. ನೀವು ಬರ್ಬೇಕು.”

“ನನಗಿನ್ನು ಸಿನಿಮಾ ಯಾಕೆ? ಈ ಕೆಮ್ಮು ಇನ್ನೂ ಬಿಟ್ಟಿಲ್ಲ. ನಡುವೆ ಎದ್ದು ಹೋಗ್ಬೇಕಾಗ್ತದೆ.”

“ಬಂದ್ರೆ ಅಲ್ಲೇ ಕೆಮ್ಮಿ.”

ಆತ ಅವರ ಮುಖ ನೋಡಿದ. ಆಮೇಲೆ ಅಂಬುವಿನ ಮುಖ ನೋಡಿದ. ಅಂಬು ಮೆಲ್ಲನೆ ತಲೆ ತಗ್ಗಿಸಿದ.

“ಇನ್ನೊಂದು ರೀಲಿತ್ತು ಅಲ್ವೇನೋ?” ಎಂದ ಚಿಂಡೇಟ್ಟ.

ಇದನ್ನು ಅಂಬು ನಮಗೆ ಆಮೇಲೆ ಹೇಳಿದ. ಆ ಮನುಷ್ಯನಿಗೆ ಅದು ಅಂದೇ ಗೊತ್ತಿತ್ತು. ಯಾರೂ ಹೇಳಿರಲಿಲ್ಲ, ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಮೊದಲ ಎರಡು ಚಿತ್ರಗಳನ್ನು ಮೂರನೆಯದರ ಪಕ್ಕದಲ್ಲಿಟ್ಟು ನೋಡಿ ಕಂಡುಕೊಂಡಿದ್ದ. ಟೀಚರ್ ಕಲಿಸಿದ್ದನ್ನು ಟೀಚರಿಗಿಂತ ಚೆನ್ನಾಗಿ ಕಲಿತವನನ್ನು ನಾವು ನಕ್ಕು ಹೊರಗೆ ಕಳಿಸಿದ್ದೆವು. ಇದು ನಮಗೆ ಬಿದ್ದ ಪೆಟ್ಟುಗಳಲ್ಲಿ ಕೊನೆಯದು, ಎಲ್ಲಕ್ಕಿಂತ ಜೋರಾದದ್ದು. ಊರಲ್ಲಿ ಯಾರ ಬಳಿಯಾದರೂ ಒಂದು ಮಾತು ಆಡಬಹುದಿತ್ತಲ್ಲ ಎಂದು ಆಮೇಲೆ ಕೇಳಿದ್ದಕ್ಕೆ, “ನನಗೆ ಮಾತಿಲ್ಲ ಅಂದಿದ್ರಲ್ಲ” ಎಂದಷ್ಟೇ ಹೇಳಿದ.

ಮುಂದಿನ ಭಾನುವಾರ ಅದೇ ಸಿನಿಮಾ, ಅದೇ ಕೋಣೆ. ಎಡತುದಿಯ ಕುರ್ಚಿಯಲ್ಲಿ ಚಿಂಡೇಟ್ಟನನ್ನು ಕೂರಿಸಿ ಟೀಚರ್ ಹಿಂದಿನ ಬೆಂಚಿಗೆ ಹೋದರು. ಹಾಗಾಗದು ಎಂದು ಆತ ಹಟ ಹಿಡಿದದ್ದರಿಂದ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ ಕೂತರು. ಕೆಮ್ಮು ನಾಲ್ಕು ಸಲ ಬಂತು. ಯಾರೂ ತಿರುಗಿ ನೋಡಲಿಲ್ಲ. ಪ್ಲಾಟ್‌ಫಾರಂ ಖಾಲಿಯಾದಾಗ ಇನ್ನೂರು ಜನ ಉಸಿರು ಬಿಗಿಹಿಡಿದು ಅಂಟಿಕೊಂಡು ಕೂತಿದ್ದರು. ಪರದೆ ಪೂರ್ತಿ ಕಪ್ಪಾದ ಮೇಲೂ ಯಾರೂ ಏಳಲಿಲ್ಲ. ಎದ್ದರೆ ಏನಾಗುತ್ತದೋ ಎಂಬ ಹೆದರಿಕೆ. ಕೊನೆಗೆ ಹಿಂದಿನಿಂದ ಅಂಬುವಿನ ದನಿ ಬಂತು.

“ಮುಗೀತು ಟೀಚರೇ. ಇನ್ನಿಲ್ಲ.”

ಟೀಚರ್ ದೀಪ ಹಾಕಿದರು. “ಮೊದಲ ಮಾತು ಚಿಂಡೇಟ್ಟಂದು” ಎಂದರು.

ಚಿಂಡೇಟ್ಟ ಎದ್ದು ನಿಂತ. ಇಪ್ಪತ್ತೆಂಟು ವರ್ಷದ ಸಿಟ್ಟನ್ನು ಅವನು ಈಗ ಹೊರಗೆ ಹಾಕಲಿ ಎಂದು ನಾವು ಆಸೆಪಟ್ಟೆವು; ಬೈಸಿಕೊಂಡರೆ ನಮಗೂ ಹಗುರವಾಗುತ್ತಿತ್ತು. ಅವನು ಹೆಗಲ ಮೇಲಿನ ಬೈರಾಸಿನಿಂದ ಬಾಯಿ ಒರೆಸಿಕೊಂಡ.

“ಬಾಗಿಲು ಬಂತು ಟೀಚರೇ.”

ಅಷ್ಟು ಹೇಳಿ ಕೂತ. ಟೀಚರ್ ಮುಖ ಮುಚ್ಚಿಕೊಂಡರು. ಸಭೆ ಅವರ ಮಾತಿಗೆ ಕಾಯುತ್ತಿತ್ತು, ಮೊದಲ ಮಾತು ಬಿಟ್ಟುಕೊಟ್ಟರೂ ಎರಡನೆಯದು ಅವರದೇ ಎಂದು. ಅವರು ತಲೆ ಅಲ್ಲಾಡಿಸಿ ಕರಿಹಲಗೆಯನ್ನು ತೋರಿಸಿದರು, ತನಗೆ ಮಾತಿಲ್ಲ ಎಂಬಂತೆ. ಆಗ ಚಿಂಡೇಟ್ಟ ಅವರತ್ತ ಬಾಗಿ, ಪಕ್ಕದ ಮನೆಯವರೊಡನೆ ಆಡುವ ದನಿಯಲ್ಲಿ ಹೇಳಿದ:

“ಇವತ್ತು ಕೊನೇವರೆಗೂ ಕೂತಿದ್ರಲ್ಲ. ಮಾತಾಡಿ ಟೀಚರೇ.”

ಸೌದಾಮಿನಿ ಟೀಚರ್ ಈಗ ‘ಮರಳದ ಮೂರನೆಯವಳು’ ಗ್ರಂಥವನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿ, ಮೊದಲ ಪುಟದಿಂದ ಹೊಸದಾಗಿ ಬರೆಯುತ್ತಿದ್ದಾರೆ. ದಿನವೂ ಸಂಜೆ ಚಿಂಡೇಟ್ಟನ ಜಗುಲಿಯಲ್ಲಿ ಕೂತು ಬರೆದಷ್ಟನ್ನು ಗಟ್ಟಿಯಾಗಿ ಓದುತ್ತಾರೆ. ಅವನು ಕೇಳುತ್ತಾನೆ, ಓದು ಮುಗಿಯುವ ಹೊತ್ತಿಗೆ ತನ್ನ ಕೈ ನಿಧಾನವಾಗದಿದ್ದರೆ ಆ ಪುಟ ಸರಿಯಿಲ್ಲ ಎನ್ನುತ್ತಾನೆ, ಅವರು ಹರಿದು ಮತ್ತೆ ಬರೆಯುತ್ತಾರೆ. ಹೀಗಾದರೆ ಪುಸ್ತಕ ಮುಗಿಯಲು ಬಹಳ ವರ್ಷ ಬೇಕು. ಅಷ್ಟೂ ವರ್ಷ ಅವರಿಬ್ಬರಿಗೂ ದಕ್ಕಲಿ. ಅವರ ಕಣ್ಣು ಮಂಜಾಗದಿರಲಿ, ಅವನ ಕೆಮ್ಮು ಹೆಚ್ಚದಿರಲಿ. ಆ ಎಡತುದಿಯ ಕುರ್ಚಿಗಳೆರಡೂ ಯಾವ ಮೂರನೆಯ ಭಾನುವಾರವೂ ಖಾಲಿಯಾಗಿರದಿರಲಿ. ಮುಗಿಯಿತು ಎಂದು ಅಂಬು ಕೂಗಿ ಹೇಳುವವರೆಗೆ ನಮ್ಮ ಟೀಚರ್ ಏಳದಿರಲಿ.